ಸೈನಿಕ ಹುಳಕ್ಕೆ ತಂದ ವೈರಸ್

ನನ್ನ ಬಲಗೈ ಕಂಡರೆ ನನಗೇ ಹೇಸಿಗೆ. ಊಟಕ್ಕೆ ಕೂತಾಗ ಮುದ್ದೆ ಮುರಿಯುವ ಮೊದಲು ಕೈಯನ್ನು ಮೂಗಿನ ಹತ್ತಿರ ತಂದು ಮೂಸುತ್ತೇನೆ. ಬೇಡ ಅಂದುಕೊಂಡರೂ ಕೈ ಮೂಗಿನ ಹತ್ತಿರ ಬಂದೇ ಬರುತ್ತದೆ. ಹೆಂಡತಿ ನೋಡಿ ನೋಡಿ ಸಾಕಾಗಿ, "ಇನ್ನೆಷ್ಟು ಸಲ ತೊಳೀತೀರಿ, ಚರ್ಮ ಕಿತ್ತು ಬಂದಾತು" ಅನ್ನುತ್ತಾಳೆ. ವಾಸನೆ ಏನೂ ಇಲ್ಲ ಅಂತ ನನಗೂ ಗೊತ್ತು. ಎರಡು ವರ್ಷವಾಯಿತು, ಇನ್ನು ಯಾವ ವಾಸನೆ. ಆದರೂ ಮೂಸುತ್ತೇನೆ.

ಚಳ್ಳಕೆರೆಯಲ್ಲಿ ನನ್ನದು ಬೀಜ, ಗೊಬ್ಬರ, ಔಷಧಿಯ ಅಂಗಡಿ. ಎಣ್ಣೆ ಮಿಲ್ಲುಗಳ ರಸ್ತೆಯಲ್ಲಿದೆ. ಗಾಳಿ ತಿರುಗಿದರೆ ಶೇಂಗಾ ಹಿಂಡಿಯ ಘಮಲು ಗಲ್ಲಾದವರೆಗೂ ಬರುತ್ತದೆ. ಔಷಧಿ ಅಂದರೆ ವಿಷವೇ. ನಾವು ಅಂಗಡಿಯವರು, ರೈತರು ಎಲ್ಲ ಸೇರಿ ಅದಕ್ಕೆ ಔಷಧಿ ಅಂತ ಹೆಸರಿಟ್ಟು ಸಮಾಧಾನ ಮಾಡಿಕೊಂಡಿದ್ದೇವೆ. ಮುಚ್ಚಳ ತೆಗೆದರೆ ಸಾಕು, ಇದು ಇಂಥದ್ದೇ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದವನು ನಾನು. ಅಂಥ ಮೂಗು ಇಟ್ಟುಕೊಂಡು ಆ ದಿನ ಏನು ಮಾಡುತ್ತಿದ್ದೆನೋ.

ನನಗೊಬ್ಬಳು ಅಕ್ಕ. ಅವಳನ್ನು ತಳಕು ದಾಟಿ ಮೊಳಕಾಲ್ಮುರು ಕಡೆ ಹೋಗುವ ದಾರಿಯ ಒಂದು ಹಳ್ಳಿಗೆ ಕೊಟ್ಟಿದೆ. ಭಾವನದು ಬೋರ್‌ವೆಲ್ ನೀರಿನ ಜಮೀನು, ಬಹುಪಾಲು ಮೆಕ್ಕೆಜೋಳ. ಅದರ ಮಗ್ಗುಲಿಗೇ ಅಕ್ಕನ ಹಿಪ್ಪುನೇರಳೆ ತೋಟ. ಅಕ್ಕನ ತೋಟ ಅಂತ ಯಾಕೆ ಹೇಳಿದೆ ಅಂದರೆ, ಕಡ್ಡಿ ನೆಟ್ಟವಳು, ಸೊಪ್ಪು ಕೊಯ್ದವಳು, ಹಿತ್ತಲಲ್ಲಿ ಹುಳದ ಮನೆ ಕಟ್ಟಿಸಿ ರೇಷ್ಮೆ ಹುಳ ಸಾಕಿದವಳು ಎಲ್ಲ ಅವಳೇ. ಭಾವ ಆ ಕಡೆ ತಲೆ ಹಾಕಿದವರಲ್ಲ. ಮೊಳಕಾಲ್ಮುರಿಗೆ ಹೋದಾಗಲೆಲ್ಲ ಅಕ್ಕ ಪರಿಚಯದ ಒಂದು ಮಗ್ಗದ ಮನೆ ಹೊಕ್ಕು, ಮಗ್ಗಕ್ಕೆ ಹೂಡಿದ ಹಾಸಿನ ನೂಲಿನ ಮೇಲೆ ಅಂಗೈ ಆಡಿಸಿ, "ಇದ್ರಾಗೆ ನನ್ನ ಹುಳದ ನೂಲು ಯಾವ್ದೇ" ಅಂತ ಕೇಳುವಳು. ನೇಯುವ ಹೆಂಗಸು ಲಾಳಿ ನಿಲ್ಲಿಸದೆಯೇ ತೆಲುಗಿನಲ್ಲಿ "ಅಂತಾ ಮೀದೇ ಅಕ್ಕಾ" ಅನ್ನುವಳು, ಎಲ್ಲ ನಿಮ್ಮದೇ ಅಂತ. ಅಕ್ಕನ ಗೂಡು ಮಾರುಕಟ್ಟೆಯಿಂದ ಯಾವ ಊರಿಗೆ ಹೋಗಿ ಯಾರ ಕೈಯಲ್ಲಿ ನೂಲಾಗುತ್ತಿತ್ತೋ ಇಬ್ಬರಿಗೂ ಗೊತ್ತಿರಲಿಲ್ಲ. ಆದರೂ ಆ ಮಾತು ಕೇಳಿಕೊಂಡು ಬಂದ ದಿನ ಅಕ್ಕನ ಮುಖ ಅರಳಿರುತ್ತಿತ್ತು.

ಆ ವರ್ಷದ ಬೇಸಿಗೆಯ ಶಾಖಕ್ಕೆ ಅವಳ ಎರಡು ಬೆಳೆ ಹುಳ ಕೆಟ್ಟಿತ್ತು. ಬೆಳೆ ಅಂದರೆ ಮರಿ ತಂದು ಸಾಕಿ ಗೂಡು ಕಟ್ಟಿಸುವ ಒಂದು ಸರದಿ, ತಿಂಗಳೊಳಗೆ ಮುಗಿಯುವಂಥದ್ದು. ಎರಡನೆಯದೂ ಕೆಟ್ಟಾಗ ಭಾವ ಜಗಲಿಯ ಮೇಲೆ ಕೂತು, ಸಿಟ್ಟಿಲ್ಲದೆ, ಹವಾಮಾನದ ಮಾತಾಡುವ ಹಾಗೆ ಹೇಳಿದರು. "ಇದೊಂದು ಸಲ ನೋಡು. ಗೂಡು ಕಟ್ಟಿದ್ರೆ ತೋಟ ಇರ್ಲಿ. ಇಲ್ದಿದ್ರೆ ಕಿತ್ತು ಅದಕ್ಕೂ ಜೋಳ ಹಾಕ್ತೀನಿ." ಭಾವ ಹೇಳಿದ್ದನ್ನು ಮಾಡುವ ಮನುಷ್ಯ. ಅಕ್ಕ ಎದುರು ಮಾತಾಡದೆ ಮಳೆಗಾಲ ಶುರುವಾಗುತ್ತಲೇ ಹೊಸ ಮರಿ ತರಿಸಿದಳು. ಅವಳ ತೋಟ, ಹುಳದ ಮನೆ, ಮಗ್ಗದ ಮನೆಯ ಆ ಮಾತು, ಎಲ್ಲ ಆ ಒಂದು ಬೆಳೆಯ ಮೇಲೆ ನಿಂತಿತ್ತು.

ಹುಳದ ಮನೆಯ ವಿಷಯದಲ್ಲಿ ಅಕ್ಕ ಬಲು ಜೋರು. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿದ ತಟ್ಟೆ. ಅದರಲ್ಲಿ ಕಾಲು ತುಳಿದು, ಸೋಪು ಹಚ್ಚಿ ಕೈ ತೊಳೆದು ಒಳಗೆ ಬರಬೇಕು. ಬೀಡಿ ಸೇದಿ ಬಂದ ಭಾವನನ್ನು ನಾಲ್ಕು ಜನರ ಎದುರು ಹೊರಗೆ ಅಟ್ಟಿದ್ದಳು. ನಾನು ಮಾತ್ರ ಆ ಕಾನೂನಿಗೆ ಸೇರಿದವನಲ್ಲ. ಹುಳ ಪೊರೆ ಬಿಡುವ ಮೊದಲು ತಿನ್ನುವುದು ನಿಲ್ಲಿಸಿ ತಲೆ ಎತ್ತಿ ಸುಮ್ಮನಾಗುತ್ತದೆ, ಅದಕ್ಕೆ ಜ್ವರ ಅನ್ನುತ್ತಾರೆ, ಪೊರೆ ಬಿಟ್ಟು ಮತ್ತೆ ತಿನ್ನಲು ಎದ್ದರೆ ಜ್ವರ ಎದ್ದಿತು ಅಂತ. ಮೂರನೇ ಜ್ವರ ಎದ್ದ ಹುಳಕ್ಕೆ ಮೊದಲ ಸೊಪ್ಪನ್ನು ಕೈಗುಣ ಇದ್ದವರಿಂದ ಹಾಕಿಸುವುದು ಅಕ್ಕನ ಅತ್ತೆ ನಡೆಸಿಕೊಂಡು ಬಂದ ಪದ್ಧತಿ. ಅಕ್ಕನ ಪಾಲಿಗೆ ಕೈಗುಣ ಅಂದರೆ ತಮ್ಮನ ಕೈ, ತವರಿನ ಕೈ. ನಾನು ಸೊಪ್ಪು ಹಾಕಿದ ಬೆಳೆ ಒಂದೂ ಕೆಟ್ಟಿಲ್ಲ ಅಂತ ಅವಳ ನಂಬಿಕೆ. ಕೆಟ್ಟ ಆ ಎರಡೂ ಸಲ ಅಂಗಡಿ ಬಿಟ್ಟು ಹೋಗಲು ನನಗೆ ಆಗಿರಲಿಲ್ಲ. ಅವಳಿಗೆ ಅಷ್ಟು ಸಾಕ್ಷಿ ಸಾಕಾಗಿತ್ತು. ನನಗೂ ಒಳಗೊಳಗೇ ಖುಷಿ. ನನ್ನ ಕೈಯನ್ನು ಹೊಗಳುವವರು ಬೇರೆ ಯಾರಿದ್ದಾರೆ.

ಇನ್ನು ಆ ಸೈನಿಕ ಹುಳ. ಅಮೆರಿಕದ ಕಡೆಯದಂತೆ, ಕೆಲವು ವರ್ಷದ ಹಿಂದೆ ಇಲ್ಲಿಗೆ ಬಂದು ತನ್ನ ಮನೆಯ ಹಾಗೆ ಸೇರಿಕೊಂಡಿತು. ಮೆಕ್ಕೆಜೋಳದ ಸುಳಿಯೊಳಗೆ ಕೂತು ತಿನ್ನುತ್ತದೆ. ಸುಳಿ ಬಿಡಿಸಿದರೆ ಒದ್ದೆ ಮರದ ಪುಡಿಯಂಥ ಲದ್ದಿ, ಅದರ ನಡುವೆ ಕೊಬ್ಬಿದ ಹುಳ. ತಿನ್ನುವುದೂ ಅಲ್ಲೇ, ಹೇಲುವುದೂ ಅಲ್ಲೇ. ಹಸಿವು ಜಾಸ್ತಿಯಾದರೆ ತನ್ನ ಜಾತಿಯ ಚಿಕ್ಕ ಹುಳವನ್ನೇ ತಿಂದು ಹಾಕುತ್ತದೆ. ರೈತರು ತೌಡಿಗೆ ಬೆಲ್ಲ, ವಿಷ ಕಲಸಿ ಸುಳಿ ಸುಳಿಗೆ ಉದುರಿಸಿದರು, ನಾನು ಕೊಟ್ಟ ಔಷಧಿಯನ್ನೆಲ್ಲ ಹೊಡೆದರು. ಹದಿನೈದು ದಿನಕ್ಕೆ ಮತ್ತೆ ಲದ್ದಿ. "ಸಾವ್ಕಾರ್ರೆ, ಹುಳ ಸಾಯೋ ಔಷಧಿ ಕೊಡ್ತೀರೋ, ಹುಳಕ್ಕೆ ಟಾನಿಕ್ ಕೊಡ್ತೀರೋ" ಅಂತ ಒಬ್ಬ ಗಿರಾಕಿ ಅಂಗಡಿ ತುಂಬ ಜನ ಇದ್ದಾಗಲೇ ಕೇಳಿದ. ಎಲ್ಲರೂ ನಕ್ಕರು. ನನಗೆ ಮೈ ಉರಿದು ಹೋಯಿತು.

ಅದೇ ವಾರ ಔಷಧಿ ಕಂಪನಿಯ ಏಜೆಂಟ್ ಅಂತ ಒಬ್ಬ ಬಂದ. ಗರಿ ಮುರಿಯದ ಇಸ್ತ್ರಿ ಅಂಗಿ, ಬೆನ್ನಿಗೆ ಕಪ್ಪು ಬ್ಯಾಗು. ಕುರ್ಚಿ ಎಳೆದುಕೊಂಡು ಕೂತು, ಎರಡು ಬಾಟಲಿ ತೆಗೆದು ಗಲ್ಲಾದ ಮೇಲೆ ಇಟ್ಟ. ಲೇಬಲ್ಲಿನ ಮೇಲೆ ಹೆಣೆದ ಜಡೆಯಂಥ ಜೀನಿನ ಚಿತ್ರ.

"ಇದು ಔಷಧಿ ಅಲ್ಲ ಸರ್, ವೈರಸ್ಸು," ಅಂದ. "ಜೀನ್ ತಿದ್ದಿರೋ ವೈರಸ್ಸು. ಸೈನಿಕ ಹುಳ ಒಂದನ್ನೇ ಹುಡುಕ್ಕೊಂಡ್ ಹೋಗಿ ಕೊಲ್ತೈತೆ. ಒಂದು ಹುಳ ಸತ್ರೆ ಅದರ ರಸ ಮುಟ್ಟಿದ ನೂರು ಹುಳ ಸಾಯ್ತಾವೆ. ಜೇನು ಮುಟ್ಟಲ್ಲ, ಎರೆಹುಳ ಮುಟ್ಟಲ್ಲ, ಮನುಷ್ಯ ಕುಡಿದ್ರೂ ಏನೂ ಆಗಲ್ಲ."

"ಹಂಗಾರೆ ನೀನೊಂದು ಗುಟುಕು ಕುಡಿ," ಅಂದೆ.

ನಕ್ಕ, ಕುಡಿಯಲಿಲ್ಲ. ನಾನೂ ನಕ್ಕೆ. ಅಲ್ಲೇ ಅವನಿಗೆ ಬಾಗಿಲು ತೋರಿಸಬೇಕಿತ್ತು. ಅಷ್ಟರಲ್ಲಿ ಅವನು ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಮುಂದೆ ಹಿಡಿದ. ಎಲೆಯ ತುದಿಗೆ ಹಿಂಗಾಲು ಕಚ್ಚಿಕೊಂಡು ತಲೆ ಕೆಳಗಾಗಿ ಒಂದು ಹುಳ ನೇತಾಡುತ್ತಿತ್ತು. ಕಪ್ಪಗಾಗಿ, ಉಬ್ಬಿ, ನೋಡುತ್ತಿದ್ದಂತೆ ಚರ್ಮ ಒಡೆದು ಒಳಗಿನದೆಲ್ಲ ಕೆಳಗಿನ ಎಲೆಗೆ ತೊಟ್ಟಿಕ್ಕಿತು. ಆ ಎಲೆಯನ್ನು ಇನ್ನೊಂದು ಹುಳ ತಿನ್ನುತ್ತಿತ್ತು. ಮುಖ ತಿರುಗಿಸಿದೆ. ಆದರೂ, "ಇನ್ನೊಂದ್ಸಲ ತೋರ್ಸು" ಅಂದೆ.

ಜೀನ್ ಅನ್ನುವ ಮಾತಿಗೆ ನಾನು ಬಿದ್ದೆ, ಸುಳ್ಳು ಯಾಕೆ ಹೇಳಲಿ. ಹೊರದೇಶದಲ್ಲಿ ಬೆಳೆ ಹಾಳು ಮಾಡುವ ಇಲಿಗಳಿಗೆ, ಮೊಲಗಳಿಗೆ ತಿದ್ದಿದ ವೈರಸ್ ಹತ್ತಿಸಿ ಮರಿಯೇ ಆಗದ ಹಾಗೆ ಮಾಡಲು ನೋಡಿದ್ದರು ಅಂತ ಯಾವಾಗಲೋ ಪೇಪರಿನಲ್ಲಿ ಓದಿದ್ದೆ. ಓದಿದ ದಿನದಿಂದ ಗಿರಾಕಿಗಳ ಮುಂದೆ ಅದನ್ನೇ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದೆ. ಈಗ ಅಂಥದೇ ಒಂದು ಬಾಟಲಿ ನನ್ನ ಗಲ್ಲಾದ ಮೇಲೆ ಕೂತಿತ್ತು. "ಪರ್ಮಿಶನ್ ಐತೇನಪ್ಪ" ಅಂತ ಕೇಳಿದ್ದಕ್ಕೆ "ಪ್ರೋಸೆಸ್ಸಲ್ಲಿ ಐತೆ ಸರ್" ಅಂದ. ಜೀನ್ ತಿದ್ದಿದ ಯಾವುದನ್ನೇ ಆಗಲಿ ಹೊಲಕ್ಕೆ ಬಿಡಬೇಕಾದರೆ ದಿಲ್ಲಿಯ ಒಪ್ಪಿಗೆ ಬೇಕು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಟಲಿ ಇಟ್ಟುಕೊಂಡೆ. ರೇಷ್ಮೆ ಹುಳದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಅಂಗಡಿಯಲ್ಲಿ ಮಾರಲಿಲ್ಲ, ಅಷ್ಟು ಎಚ್ಚರ ನನಗಿತ್ತು. ಗಿರಾಕಿಯ ಹೊಲದಲ್ಲಿ ಏನಾದರೂ ಹೆಚ್ಚು ಕಡಿಮೆಯಾದರೆ ಬಾಗಿಲಿಗೆ ಬಂದು ಕೂರುತ್ತಾರೆ, ಮೊದಲು ಮನೆಯವರ ಹೊಲದಲ್ಲಿ ಹೊಡೆದು ನೋಡೋಣ ಅಂದುಕೊಂಡೆ. ನೋಡಿ ನನ್ನ ಬುದ್ಧಿ. ಊರವರ ಹೊಲ ಕಾಯ್ದೆ, ಅಕ್ಕನ ಹೊಲಕ್ಕೆ ತಂದು ಸುರಿದೆ. ಥೂ.

ಅಕ್ಕ ಫೋನ್ ಮಾಡಿ, "ನಾಳೆ ಮೂರನೇ ಜ್ವರ ಏಳ್ತಾವೆ, ಸೊಪ್ಪು ಹಾಕೋಕೆ ಬಾ" ಅಂದದ್ದೂ ಆಗಲೇ. ಒಂದೇ ಓಡಾಟದಲ್ಲಿ ಎರಡು ಕೆಲಸ ಆಗುತ್ತದೆ ಅಂತ ಬೆಳಿಗ್ಗೆ ಬೇಗ ಕಾರು ಹೊರಡಿಸಿದೆ. ಬಿಸಿಲೇರುವ ಮೊದಲೇ ಹೊಡೆಯಬೇಕು, ಬಿಸಿಲಿಗೆ ವೈರಸ್ ಸಾಯುತ್ತದೆ ಅಂತ ಏಜೆಂಟ್ ಹೇಳಿದ್ದ. ಬೆಲ್ಲದ ನೀರು ಬೆರೆಸಿ, ಬಿಸಿಲಿಗೆ ತಡೆಯಾಗಿ ಬಟ್ಟೆಗೆ ಹಾಕುವ ನೀಲಿ ಒಂದು ಚಿಟಿಕೆ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ ಪಂಪಿಗೆ ಹಾಕಬೇಕಂತೆ.

ಹೊಲದ ಬದುವಿನ ಮೇಲೆ ಕೂತು ಮುಚ್ಚಳ ತೆಗೆದೆ. ಆ ನಾತವನ್ನು ಏನಂತ ಹೇಳಲಿ. ಸತ್ತ ಇಲಿ ಮಜ್ಜಿಗೆಯಲ್ಲಿ ಬಿದ್ದು ನಾಲ್ಕು ದಿನವಾದರೆ ಬರುವ ನಾತ. ಭಾವ ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡು, "ಏನೋ ಇದು, ಹೆಣದ ನೀರು ತಂದೀಯಾ" ಅಂದರು. "ಜೀನ್ ಭಾವ, ಜೀನ್ ತಿದ್ದಿದ್ದು ಹಿಂಗೇ ಇರ್ತೈತೆ" ಅಂದೆ, ಎಲ್ಲ ತಿಳಿದವನ ಹಾಗೆ. ಹೆಗಲ ಮೇಲಿನ ಟವೆಲ್ಲನ್ನೇ ಬಕೀಟಿನ ಬಾಯಿಗೆ ಹಾಸಿ ಸೋಸಿದೆ. ಟವೆಲ್ಲಿನಲ್ಲಿ ಉಳಿದ ಚರಟವನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದೆ. ಲೋಳೆ ಲೋಳೆ, ಅದರಲ್ಲಿ ಬೆಳ್ಳನೆಯ ಚರ್ಮದ ಚೂರು, ಜೀರಿಗೆಯಷ್ಟು ಸಣ್ಣ ಮೊನೆಗಳು. ಬೆರಳಿಗೆ ತಾಗಿದವು, ಕಣ್ಣಿಗೂ ಬಿದ್ದವು. ಇವೇನು ಅಂತ ಒಂದು ಗಳಿಗೆ ಅನ್ನಿಸಿತು, ಅಷ್ಟಕ್ಕೇ ಬಿಟ್ಟೆ.

ಇಬ್ಬರೂ ಸೇರಿ ಹೊಡೆದು ಮುಗಿಸಿದಾಗ ಅಕ್ಕ ಹಿತ್ತಲ ಬಾಗಿಲಿನಿಂದ ಕೂಗಿದಳು. ಬೋರಿನ ನೀರು ಹರಿಯುವ ಕಾಲುವೆಯಲ್ಲಿ ಕೈ ಅದ್ದಿ ಎರಡು ಸಲ ಉಜ್ಜಿದೆ. ಆಮೇಲೆ ಒರೆಸಿಕೊಂಡೆ. ಯಾವುದರಲ್ಲಿ? ಅದೇ ಟವೆಲ್ಲಿನಲ್ಲಿ.

ಹುಳದ ಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಪಕ್ಕದ ಮನೆಯ ಇಬ್ಬರು ಹೆಂಗಸರು ಸೊಪ್ಪು ತುಂಬಿದ ಬುಟ್ಟಿ ಹಿಡಿದುಕೊಂಡು ಹಿಂದೆ ನಿಂತಿದ್ದರು. ಸುಣ್ಣದ ತಟ್ಟೆ ಅಲ್ಲೇ ಇತ್ತು. ಅಕ್ಕ ನನ್ನ ಕೈ ಹಿಡಿದುಕೊಂಡು ಒಂದು ಕ್ಷಣ ಹಾಗೇ ನಿಂತಳು. ಏನೋ ಹೇಳುವವಳ ಹಾಗೆ ಬಾಯಿ ತೆರೆದಳು, ಹಿಂದಿದ್ದ ಹೆಂಗಸರ ಕಡೆ ನೋಡಿದಳು, ಆಮೇಲೆ "ಬಾ" ಅಂತ ಒಳಗೆ ಕರೆದುಕೊಂಡು ಹೋದಳು. ತಟ್ಟೆ ದಾಟಿಕೊಂಡು ಹೋದೆ. ಆಗ ತಾನೇ ಪೊರೆ ಬಿಟ್ಟ ಹುಳ, ಮೈ ಇನ್ನೂ ಮೆತ್ತಗೆ. ಬಾಗಿಲ ಹತ್ತಿರದ ಹುಳದ ತಟ್ಟೆಗಳಿಂದ ಶುರು ಮಾಡಿ ಮೂರು ಸಾಲಿಗೆ ನನ್ನ ಕೈಯಾರೆ ಸೊಪ್ಪು ಉದುರಿಸಿದೆ. ಹುಳ ತಿನ್ನುವಾಗ ಸಣ್ಣ ಮಳೆ ಬಿದ್ದ ಹಾಗೆ ಸದ್ದು. ಅಕ್ಕ ಕೈ ಮುಗಿದು ನಿಂತಿದ್ದಳು. ಹೋಳಿಗೆ ಊಟ ಮಾಡಿಕೊಂಡು ಊರಿಗೆ ಬಂದೆ.

ಒಂದು ವಾರವಾದ ಮೇಲೆ ಅವಳ ಫೋನು. "ಹುಳ ಯಾಕೋ ಸೊಪ್ಪು ಬಿಟ್ಟು ತಟ್ಟೆ ಅಂಚಿಗೆ ಹತ್ತಿ ಹತ್ತಿ ಸುತ್ತುತಾವೆ. ಒಂದೀಟು ಬಂದ್ ಹೋಗು." ಧ್ವನಿ ಸಣ್ಣಗಿತ್ತು. ಹೋದೆ. ಗೂಡು ಕಟ್ಟಲು ನಾಲ್ಕೈದು ದಿನ ಬಾಕಿ ಇದ್ದ ಹುಳ. ಮೈ ಊದಿ, ಗೆಣ್ಣು ಗೆಣ್ಣು ಎದ್ದು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಒಂದರ ಕಾಲು ಒಂದಕ್ಕೆ ತಗುಲಿದರೆ ಸಾಕು, ಚರ್ಮ ಒಡೆದು ಹಾಲಿನಂಥ ರಸ ಹರಿಯುತ್ತಿತ್ತು. ಹಾಲುತೊಂಡೆ ರೋಗ ಅನ್ನುತ್ತಾರೆ. ಅದೂ ವೈರಸ್ಸಿನದೇ, ರೇಷ್ಮೆ ಹುಳದ್ದೇ ಹಳೆಯ ಶತ್ರು. ತಟ್ಟೆಯ ತುಂಬ ಬಿಳಿ ರಸ, ಅದರಲ್ಲಿ ಸತ್ತವು, ಸತ್ತವುಗಳ ಮೇಲೆ ಹರಿದಾಡುವ ಇನ್ನೂ ಸಾಯದವು. ಬಾಗಿಲ ಹತ್ತಿರದ ಮೂರು ಸಾಲು ಪೂರ್ತಿ ಹೋಗಿತ್ತು. ಹಿಂದಿನ ಸಾಲುಗಳಲ್ಲಿ ಆಗಷ್ಟೇ ಶುರುವಾಗಿತ್ತು. ಒಳಗೆ ಉಸಿರು ಎಳೆದುಕೊಂಡೆ. ಆ ನಾತ ನನಗೆ ಹೊಸದಲ್ಲ. ಬಾಟಲಿಯ ಮುಚ್ಚಳ ತೆಗೆದಾಗ ಬಂದದ್ದು ಅದೇ.

ಅಕ್ಕ ನನ್ನ ಮುಖ ನೋಡುತ್ತಿದ್ದಳು. ನಾನು ಏನು ಹೇಳಿದೆ ಗೊತ್ತೇ. "ಮೋಡದ ದಿನ. ಒದ್ದೆ ಸೊಪ್ಪು ಹಾಕಿರ್ಬೇಕು ಕಣಕ್ಕ ನೀನು," ಅಂದೆ.

"ಇರ್ಬೇಕು," ಅಂದಳು.

ಎರಡು ದಿನದಲ್ಲಿ ಎಲ್ಲ ಮುಗಿಯಿತು. ಹಿತ್ತಲ ಹಿಂದೆ ಗುಂಡಿ ತೋಡಿ, ತಟ್ಟೆ ತಟ್ಟೆಯಾಗಿ ತಂದು ಸುರಿದು, ಸುಣ್ಣ ಹಾಕಿ ಮುಚ್ಚಿದೆವು. ಸುರಿಯುವಾಗ ಗುಂಡಿಯೊಳಗೆ ಕೆಲವು ಇನ್ನೂ ತಲೆ ಎತ್ತುತ್ತಿದ್ದವು. ಅಕ್ಕ ಸೆರಗಿನಿಂದ ಮೂಗು ಕೂಡ ಮುಚ್ಚಿಕೊಳ್ಳಲಿಲ್ಲ. ಆ ಕಡೆ ಹೊಲದಲ್ಲಿ ಸೈನಿಕ ಹುಳ ಯಾವ ತೊಂದರೆಯೂ ಇಲ್ಲದೆ ಸುಳಿಯೊಳಗೆ ಕೂತು ತಿನ್ನುತ್ತಿತ್ತು. ಒಂದೇ ಒಂದು ಸತ್ತಿರಲಿಲ್ಲ.

ರೇಷ್ಮೆ ಸಾಕಣೆ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಚಳ್ಳಕೆರೆಯಲ್ಲಿದ್ದಾರೆ. ಮನೆಯಲ್ಲಿ ಹಳೆಯದೊಂದು ಮೈಕ್ರೋಸ್ಕೋಪ್ ಇಟ್ಟುಕೊಂಡಿದ್ದಾರೆ. ಉಳಿದ ಒಂದು ಬಾಟಲಿ, ಸತ್ತ ಹುಳದ ರಸ, ಕಾರಿನ ಡಿಕ್ಕಿಯಲ್ಲಿ ಒಣಗಿ ಬಿದ್ದಿದ್ದ ಆ ಟವೆಲ್, ಮೂರನ್ನೂ ಅವರ ಮುಂದೆ ಇಟ್ಟು ನಡೆದದ್ದನ್ನು ಹೇಳಿದೆ. ಅವರು ಹುಳದ ರಸ ನೋಡಿದರು, ಬಾಟಲಿಯ ನೀರು ನೋಡಿದರು, ನನ್ನನ್ನೂ ಕರೆದು ತೋರಿಸಿದರು. ಎರಡರಲ್ಲೂ ಒಂದೇ ತರದ, ಮೂಲೆ ಮೂಲೆಯಾಗಿ ಮಿಂಚುವ ಸಣ್ಣ ಹರಳು. ಆಮೇಲೆ ಟವೆಲ್ ಬಿಡಿಸಿ, ಅಂಟಿದ್ದ ಜೀರಿಗೆಯಂಥದೊಂದನ್ನು ಚಿಮಟದಿಂದ ಎತ್ತಿ ಹಿಡಿದರು.

"ಇದಕ್ಕೆ ಮೈಕ್ರೋಸ್ಕೋಪೇ ಬೇಡ. ಏನಿದು ಹೇಳ್ರಿ?"

ಬಗ್ಗಿ ನೋಡಿದೆ.

"ರೇಷ್ಮೆ ಹುಳದ ಬಾಲದ ಮೇಲಿನ ಕೊಂಬು. ಸೈನಿಕ ಹುಳಕ್ಕೆ ಎಲ್ಲೈತ್ರಿ ಕೊಂಬು? ಹಾಲುತೊಂಡೆ ಬಂದು ಸತ್ತ ಹುಳಾನ ಯಾರೋ ಅರೆದು ಬಾಟ್ಲಿಗೆ ತುಂಬ್ಯಾರೆ. ನೀವು ತಂದು ಹುಳದ ಮನೆಗೇ ಹಾಕೀರಿ."

"ಜೀನ್ ತಿದ್ದಿದ್ದು ಅಂದಿದ್ದ," ಅಂದೆ. ಹೇಳುವಾಗಲೇ ನಾಚಿಕೆಯಾಯಿತು.

"ನಿಜವಾಗ್ಲೂ ತಿದ್ದಿದ್ದೇ ಆಗಿದ್ರೆ ನಂಗೆ ಇನ್ನೂ ಹೆದ್ರಿಕೆ ಆಗ್ತಿತ್ತು," ಅಂದರು. "ಅಂಥದ್ದನ್ನ ಮಾಡೋರು ಮುಚ್ಚಿದ ಕೋಣೆಯಾಗೆ ವರ್ಷಗಟ್ಲೆ ಇಟ್ಕಂಡು ನೋಡ್ತಾರೆ. ಇದು ಸೈನಿಕ ಹುಳ ಬಿಟ್ಟು ಇನ್ಯಾರನ್ನ ಹಿಡಿತೈತೆ, ರೇಷ್ಮೆ ಹುಳಾನ ಹಿಡಿತೈತಾ, ಆಚೆ ಬಿಟ್ಟ ಮೇಲೆ ವಾಪಸ್ ಕರೆಯೋಕೆ ಬರ್ತೈತಾ ಅಂತ. ಅಷ್ಟು ಮಾಡಿದ್ರೂ ಬಿಡೋಕೆ ಅವರಿಗೆ ಧೈರ್ಯ ಬರಲ್ಲ. ನೀವು ಒಂದು ಲೇಬಲ್ ಓದಿ ಬಿಟ್ರಿ." ಕೈ ತೊಳೆಯಲು ಹಿತ್ತಲಿಗೆ ಹೋದರು. ಹೋಗುವಾಗ ನನಗೂ ತೊಳೆದುಕೊಳ್ಳಲು ಹೇಳಿದರು.

ಏಜೆಂಟನ ಫೋನು ಸ್ವಿಚ್ ಆಫ್ ಆಗಿತ್ತು. ತಿಂಗಳಾದ ಮೇಲೆ ನಾಯಕನಹಟ್ಟಿಯ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತಾ ನಿಂತಿದ್ದವನು ಸಿಕ್ಕಿದ. ಅದೇ ಇಸ್ತ್ರಿ, ಅದೇ ಬ್ಯಾಗು. ಕೊರಳಪಟ್ಟಿಗೆ ಕೈ ಹಾಕಿದೆ. ಅವನಿಗೆ ಒಂದು ಚೂರೂ ಗಾಬರಿಯಿಲ್ಲ.

"ವೈರಸ್ ಇರ್ಲಿಲ್ವಾ ಸರ್ ಅದ್ರಾಗೆ?" ಅಂದ. "ಇತ್ತಲ್ಲ. ನಾನೇನ್ ಸುಳ್ಳು ಹೇಳಿದ್ನಾ? ಸತ್ತ ಹುಳದಾಗೆ ವೈರಸ್ ಇರ್ತೈತೆ, ಅದನ್ನ ಅರೆದು ಹೊಡಿತಾರೆ ಅಂತ ಎಲ್ರಿಗೂ ಗೊತ್ತು. ಹುಳದ ಮನೆ ಹಿಂದೆ ಬುಟ್ಟಿಗಟ್ಲೆ ಎಸೆದಿರ್ತಾರೆ, ತಂದು ಡ್ರಮ್ಮಿಗೆ ಹಾಕ್ತೀವಿ. ಹುಳ ಯಾವ್ದಾದ್ರೇನು ಸರ್, ಹುಳ ಹುಳಾನೇ."

"ಜೀನ್ ತಿದ್ದಿದ್ದು ಅಂದಿದ್ಯಲ್ಲೋ ಲೇ."

"ಜೀನು ಎಲ್ಲಾದ್ರಾಗೂ ಇರ್ತೈತಲ್ಲ ಸರ್."

ಕೈ ತಾನಾಗಿಯೇ ಬಿಟ್ಟುಕೊಂಡಿತು. ಹೊಡೆಯಬೇಕು ಅಂತ ಹಾಕಿದ್ದ ಕೈ ಅದು. ಅವನನ್ನು ಮುಟ್ಟುವುದೇ ಅಸಹ್ಯ ಅನ್ನಿಸಿತು. ದೂರು ಕೊಟ್ಟೆ, ಅವನ ಮೇಲೆ ಏನೋ ಕೇಸಾಯಿತಂತೆ. ಆದರೆ ಅವನಿಗಿಂತ ನಾನು ಯಾವುದರಲ್ಲಿ ಮೇಲು? ಮೇಷ್ಟ್ರ ಮನೆಯಿಂದ ಬಂದ ದಿನ ಅಕ್ಕನ ತೋಟ ಇನ್ನೂ ನಿಂತಿತ್ತು. ಭಾವನಿಗೆ ಒಂದು ಫೋನ್ ಮಾಡಿ, "ಅಕ್ಕನ ತಪ್ಪಿಲ್ಲ ಭಾವ, ರೋಗ ತಂದವನು ನಾನು" ಅಂದಿದ್ದರೆ ಉಳಿಯುತ್ತಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಅಂಗಡಿಯಲ್ಲಿ ಕೂತೆ. ಔಷಧಿ ಅಂಗಡಿಯವನು ತನ್ನ ಅಕ್ಕನಿಗೇ ಹೀಗೆ ಮಾಡಿದ ಅಂತ ಊರಲ್ಲಿ ಗೊತ್ತಾದರೆ ನಾಳೆ ಯಾರು ಬಾಗಿಲಿಗೆ ಬರುತ್ತಾರೆ ಅನ್ನುವ ಯೋಚನೆಯೂ ಇತ್ತು. ಅದನ್ನೂ ಬರೆದುಬಿಡುತ್ತೇನೆ. ಒಂದು ದಿನ ಅಕ್ಕನ ಊರಿಗೆ ಹೋಗಿ ನೋಡಿದರೆ ಟ್ರ್ಯಾಕ್ಟರ್ ತೋಟದಲ್ಲಿತ್ತು. ಬುಡ ಸಮೇತ ಕಿತ್ತ ಗಿಡಗಳ ರಾಶಿಯ ಪಕ್ಕ ಅಕ್ಕ ಕೂತು, ಕುಡುಗೋಲಿನಲ್ಲಿ ಕಡ್ಡಿ ಕತ್ತರಿಸುತ್ತಿದ್ದಳು. ಒಲೆಗೆ ಇರಬೇಕು ಅಂದುಕೊಂಡು ನಾನೂ ಕೂತು ನಾಲ್ಕು ಕಡ್ಡಿ ಕತ್ತರಿಸಿಕೊಟ್ಟೆ.

ಅದಾದ ಮೇಲೂ ಅವಳ ಮನೆಗೆ ಹೋಗುತ್ತಿದ್ದೆ. ಬಡಿಸುತ್ತಿದ್ದಳು, ಉಣ್ಣುತ್ತಿದ್ದೆ. ಬಲಗೈ ಬಾಯಿಗೆ ಹೋಗುವಾಗ ಒಂದು ಸಲ ಮೂಗಿನ ಹತ್ತಿರ ನಿಲ್ಲುತ್ತಿತ್ತು.

ಹೋದ ತಿಂಗಳು ಅಕ್ಕನ ಫೋನ್ ಬಂತು. "ಮೂರನೇ ಜ್ವರ ಎದ್ದಾವೆ. ಸೊಪ್ಪು ಹಾಕೋಕೆ ಬಾ," ಅಂದಳು. ಅರ್ಥವಾಗಲಿಲ್ಲ. ಹೋಗಿ ನೋಡಿದರೆ ದನದ ನೀರಿನ ತೊಟ್ಟಿಯ ಸುತ್ತ ಎದೆಯೆತ್ತರ ಹಿಪ್ಪುನೇರಳೆ. ಅವತ್ತು ಕತ್ತರಿಸಿದ ಕಡ್ಡಿಗಳು ಅವು, ಒಲೆಗೆ ಅಲ್ಲ. ಆ ಸೊಪ್ಪಿಗೆ ಎಷ್ಟು ಸಾಕಾಗುತ್ತದೋ ಅಷ್ಟೇ ಹುಳ, ಒಂದೇ ಒಂದು ತಟ್ಟೆ. ಗೋಡೆಗೆಲ್ಲ ಹೊಸ ಸುಣ್ಣ ಬಳಿದ ಹುಳದ ಮನೆಯ ನಡುವೆ ಆ ಒಂದು ತಟ್ಟೆ ಇತ್ತು. ಹೊಸ್ತಿಲಲ್ಲಿ ಸುಣ್ಣದ ತಟ್ಟೆ. ಬೇರೆ ಯಾರೂ ಇರಲಿಲ್ಲ.

"ಬಾ" ಅಂದಳು.

ಹೊಸ್ತಿಲು ದಾಟಲಿಲ್ಲ. ಅಲ್ಲೇ ನಿಂತು ಎಲ್ಲ ಹೇಳಿದೆ. ಬಾಟಲಿ, ಟವೆಲ್, ಮೇಷ್ಟ್ರು ಎತ್ತಿ ತೋರಿಸಿದ ಕೊಂಬು, ಒದ್ದೆ ಸೊಪ್ಪು ಅಂತ ಅವಳ ಮೇಲೆ ಹಾಕಿದ ಸುಳ್ಳು, ತೋಟ ಕೀಳುವವರೆಗೂ ಬಾಯಿ ಬಿಡದೆ ಕೂತದ್ದು. ಅಕ್ಕ ಬುಟ್ಟಿಯಲ್ಲಿದ್ದ ಸೊಪ್ಪಿನ ತೊಟ್ಟು ಮುರಿಯುತ್ತಾ ಕೇಳಿಸಿಕೊಂಡಳು.

"ನಂಗೆ ಅವತ್ತೇ ಗೊತ್ತಿತ್ತು," ಅಂದಳು.

ನಾನು ಅವಳ ಮುಖ ನೋಡಿದೆ.

"ಇಷ್ಟು ವರ್ಷ ಹುಳ ಸಾಕೀನಿ, ಕೆಟ್ಟ ಹುಳದ ನಾತ ಗೊತ್ತಾಗಲ್ವಾ ನಂಗೆ? ಬಾಗ್ಲಾಗೆ ನಿನ್ ಕೈ ಹಿಡ್ಕಂಡಾಗ್ಲೇ ಮೂಗಿಗೆ ಹೊಡೀತು. ಹಿಂದೆ ಇಬ್ರು ನಿಂತಿದ್ರು. ತವರಿಂದ ಬಂದೋನ್ನ ಅವರ ಮುಂದೆ ನಿಲ್ಸಿ ಕೈ ತೊಳ್ಕೊ ಅನ್ನೋಕೆ ನಾಲಿಗೆ ಏಳ್ಲಿಲ್ಲ. ಅಷ್ಟು ಹುಳ ಹೋಗಿದ್ದು ನಿನ್ ಒಬ್ಬನ್ ಕೈಯಿಂದ ಅಲ್ಲ."

"ಭಾವಂಗಾದ್ರೂ ಹೇಳ್ಬೋದಿತ್ತಲ್ಲಕ್ಕ. ತೋಟ ಉಳೀತಿತ್ತು."

"ಹೇಳಿದ್ರೆ ನಿಮ್ ಭಾವ ನಿನ್ನ ಈ ಮನೆ ಹೊಸ್ತಿಲು ತುಳಿಯೋಕೆ ಬಿಡ್ತಿರ್ಲಿಲ್ಲ. ತೋಟ ಆದ್ರೆ ಕಡ್ಡಿ ನೆಟ್ರೆ ಬರ್ತೈತೆ," ಅಂದಳು.

ಸೊಪ್ಪಿನ ಬುಟ್ಟಿ ಕೆಳಗಿಟ್ಟು ಒಳಗಿನಿಂದ ಚೊಂಬಿನಲ್ಲಿ ನೀರು, ಸೋಪು ತಂದಳು. ಹೊಸ್ತಿಲ ಹೊರಗೆ ನನ್ನನ್ನು ಕೂರಿಸಿ ಕೈಗೆ ನೀರು ಹಾಕಿದಳು. ಮೊಣಕೈವರೆಗೂ ಸೋಪು ಹಚ್ಚಿ, ಉಗುರು ಸಂದಿ ಉಜ್ಜಿ ತೊಳೆದೆ. ಒರೆಸಿಕೊಳ್ಳಲು ಹೆಗಲ ಮೇಲಿನ ಟವೆಲ್ಲಿಗೆ ಕೈ ಹಾಕಿದರೆ, ಅವಳು ಅದನ್ನು ಎಳೆದು ಆಚೆ ಎಸೆದಳು. ಆಮೇಲೆ ನನ್ನ ಎರಡೂ ಅಂಗೈಗಳನ್ನು ಹಿಡಿದು ಮೂಗಿನ ಹತ್ತಿರ ಎಳೆದುಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಮೂಸಿ ನೋಡಿದಳು.

"ಇನ್ನೊಂದ್ಸಲ ತೊಳಿ," ಅಂದಳು.